ಪರಂಪರೆಯ ರಕ್ಷಣೆ ಮತ್ತು ವಾಣಿಜ್ಯ: ಹೊಸಪೇಟೆ–ಸಂಡೂರು ಪ್ರದೇಶದ ಅನುಭವ

ಹೊಸಪೇಟೆಯಿಂದ ಬಳ್ಳಾರಿಗೆ ಸಾಗುವ ಹೆದ್ದಾರಿ ಹಾಗೂ ರೈಲುಮಾರ್ಗಗಳೆರಡರ ಮೇಲೂ ಇರುವ ಗಾದಿಗನೂರು ದೊಡ್ಡ ಊರೇನಲ್ಲ. ಆದರೆ ಈ ಭಾಗದ ವ್ಯವಹಾರದ ಸ್ವರೂಪವನ್ನು ಅರಿಯಬಯಸುವವರು ಅಲ್ಲಿ ಒಂದು ಗಂಟೆ ನಿಂತರೆ ಸಾಕು. ದಕ್ಷಿಣಕ್ಕೆ ಸಂಡೂರಿನ ಅದಿರು ಬೆಟ್ಟಗಳು. ಪೂರ್ವಕ್ಕೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ. ಉತ್ತರದ ಕಡೆ ದರೋಜಿ ಕರಡಿಧಾಮದ ಬಂಡೆಗುಡ್ಡಗಳು, ಅವುಗಳಾಚೆ ಕಂಪ್ಲಿಯ ಗದ್ದೆಗಳು. ವಾಯವ್ಯಕ್ಕೆ ಕಮಲಾಪುರ ಮತ್ತು ಹಂಪಿ. ಅದಿರು ಹೊತ್ತ ಲಾರಿಗೂ ಪ್ರವಾಸಿಗರ ಬಸ್ಸಿಗೂ ಇರುವುದು ಒಂದೇ ರಸ್ತೆ.

2011ರ ಜುಲೈ ತಿಂಗಳಿನಲ್ಲಿ ಈ ಎರಡೂ ಬಗೆಯ ವಹಿವಾಟಿಗೆ ಒಮ್ಮೆಲೇ ಪೆಟ್ಟು ಬಿದ್ದಿತು. ಬಳ್ಳಾರಿ ಜಿಲ್ಲೆಯಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸುವಂತೆ ಸರ್ವೋಚ್ಚ ನ್ಯಾಯಾಲಯವು ಜುಲೈ 29ರಂದು ಆದೇಶಿಸಿತು. ಅದೇ ತಿಂಗಳು ಹಂಪಿಯಲ್ಲಿ ವಿರೂಪಾಕ್ಷ ದೇವಾಲಯದ ಮುಂದಿನ ಬಜಾರಿನ ಸಾಲುಮಂಟಪಗಳಲ್ಲಿ ನೆಲೆಸಿದ್ದ ಅಂಗಡಿ–ಮನೆಗಳನ್ನು ಜಿಲ್ಲಾಡಳಿತವು ತೆರವುಗೊಳಿಸಿತು. ಒಂದು ಕಡೆ ಕೋಟಿಗಟ್ಟಲೆ ಬಂಡವಾಳದ ಉದ್ಯಮ, ಇನ್ನೊಂದು ಕಡೆ ಬಾಳೆಹಣ್ಣು, ಕುಂಕುಮ, ಚಹಾ ಮಾರುವವರ ದಿನದ ದುಡಿಮೆ. ಎರಡಕ್ಕೂ ಮೂಲದಲ್ಲಿದ್ದ ದೋಷ ಒಂದೇ: ಮಿತಿಯು ಕಾಗದದ ಮೇಲೆ ಬಹಳ ಹಿಂದೆಯೇ ಇತ್ತು, ಅದರ ಜಾರಿ ಮಾತ್ರ ಬಂಡವಾಳ ಹೂಡಿಯಾದ ಮೇಲೆ ನಡೆಯಿತು.

ಆದುದರಿಂದ ಪರಂಪರೆಯ ರಕ್ಷಣೆ ಎಂಬುದನ್ನು ಪುರಾತತ್ತ್ವ ಇಲಾಖೆಗೆ ಮಾತ್ರ ಸಂಬಂಧಿಸಿದ ವಿಷಯವೆಂದು ವರ್ತಕರು ಭಾವಿಸುವಂತಿಲ್ಲ. ಈ ಮಿತಿಗಳು ಯಾವುವು, ಎಲ್ಲಿಂದ ಬಂದವು, ಹೇಗೆ ಕೆಲಸ ಮಾಡುತ್ತವೆ ಎಂಬುದು ಭೂಮಿಯ ದರದಷ್ಟೇ ಮುಖ್ಯವಾದ ಮಾಹಿತಿ.

ಕಾನೂನಿನ ಪದರಗಳು

ರಾಷ್ಟ್ರೀಯ ಮಹತ್ತ್ವದ ಸ್ಮಾರಕಗಳನ್ನು ರಕ್ಷಿಸುವ ಹೊಣೆಯನ್ನು ಸಂವಿಧಾನದ 49ನೇ ಅನುಚ್ಛೇದವು ರಾಜ್ಯದ ಮೇಲೆ ಹೊರಿಸಿದೆ. 51ಎ ಅನುಚ್ಛೇದವು ಸಂಸ್ಕೃತಿಯ ಪರಂಪರೆಯನ್ನೂ ಕಾಡು, ಕೆರೆ, ನದಿ, ವನ್ಯಜೀವಿಗಳನ್ನೂ ಕಾಪಾಡುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು ಹೇಳುತ್ತದೆ. ಯುನೆಸ್ಕೋದ 1972ರ ವಿಶ್ವ ಪರಂಪರೆ ಒಡಂಬಡಿಕೆಯನ್ನು ಭಾರತವು 1977ರಲ್ಲಿ ಅಂಗೀಕರಿಸಿತು. ಹಂಪಿಯ ಸ್ಮಾರಕ ಸಮೂಹವು 1986ರಲ್ಲಿ ಪಟ್ಟಿಗೆ ಸೇರಿತು.

ಪಟ್ಟಿಗೆ ಸೇರುವುದು ಬರಿಯ ಗೌರವವಲ್ಲ, ವಾಗ್ದಾನ. ಅದನ್ನು ಮರೆತುದರ ಫಲ 1999ರಲ್ಲಿ ಕಂಡಿತು. ಆನೆಗೊಂದಿ ಹಾಗೂ ತಳವಾರಘಟ್ಟದ ನಡುವೆ ವಾಹನಗಳ ಸೇತುವೆಯೊಂದನ್ನೂ ವಿರೂಪಾಪುರಗಡ್ಡೆಗೆ ಪಾದಚಾರಿ ಸೇತುವೆಯೊಂದನ್ನೂ ಕಟ್ಟಲಾರಂಭಿಸಿದುದರಿಂದ ಹಂಪಿಯನ್ನು ‘ಅಪಾಯದಲ್ಲಿರುವ ವಿಶ್ವ ಪರಂಪರೆ’ಯ ಪಟ್ಟಿಗೆ ಸೇರಿಸಲಾಯಿತು. ನದಿಯ ಆಚೆ ದಡದ ರೈತರಿಗೆ ಸೇತುವೆಯ ಅಗತ್ಯ ಇರಲಿಲ್ಲವೆಂದಲ್ಲ. ಹರಿಗೋಲಿನಲ್ಲಿ ಬೈಕನ್ನೂ ಭತ್ತದ ಚೀಲವನ್ನೂ ದಾಟಿಸಿದವರಿಗೆ ಅದರ ಬೆಲೆ ಗೊತ್ತು. ಪ್ರಶ್ನೆಯಿದ್ದದ್ದು ಸೇತುವೆ ಬೇಕೇ ಎಂಬುದರ ಬಗ್ಗೆ ಅಲ್ಲ, ಎಲ್ಲಿ ಬೇಕು ಎಂಬುದರ ಬಗ್ಗೆ. ಆ ಪ್ರಶ್ನೆಯನ್ನು ಕೇಳುವ ಹೊತ್ತಿಗೆ ಕಂಬಗಳು ಎದ್ದಿದ್ದವು. ಕಾಮಗಾರಿ ವರ್ಷಗಟ್ಟಲೆ ನಿಂತಿತು. 2006ರಲ್ಲಿ ಹಂಪಿಯು ಅಪಾಯದ ಪಟ್ಟಿಯಿಂದ ಹೊರಬಂದಿತು. ಪೂರ್ಣಗೊಳ್ಳಬೇಕಿದ್ದ ಸೇತುವೆಯು 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಜನರ ಓಡಾಟಕ್ಕೆ ಕೊನೆಗೆ ಅನುಕೂಲವಾದದ್ದು ನದಿಯ ಕೆಳಭಾಗದಲ್ಲಿ, ಬುಕ್ಕಸಾಗರ ಮತ್ತು ಕಡೇಬಾಗಿಲಿನ ನಡುವೆ ಬಂದ ಸೇತುವೆ.

ಈ ಪ್ರಕರಣದ ಒತ್ತಡದಲ್ಲಿಯೇ ರಾಜ್ಯ ಸರ್ಕಾರವು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಅಧಿನಿಯಮ, 2002ನ್ನು ತಂದಿತು. ಇದರ ವ್ಯಾಪ್ತಿ ಸುಮಾರು 236 ಚದರ ಕಿಲೋಮೀಟರ್, 29 ಗ್ರಾಮಗಳು. ಇದರಲ್ಲಿ ಸುಮಾರು 42 ಚದರ ಕಿಲೋಮೀಟರ್ ಒಳವಲಯ, ಉಳಿದದ್ದು ಅದನ್ನು ಸುತ್ತುವರಿದ ರಕ್ಷಣಾ ವಲಯ. ಈ ವ್ಯಾಪ್ತಿಯಲ್ಲಿ ಕಟ್ಟಡ ಕಟ್ಟಲು, ಬಡಾವಣೆ ಮಾಡಲು ಅಥವಾ ಭೂಬಳಕೆ ಬದಲಾಯಿಸಲು ಪ್ರಾಧಿಕಾರದ ಅನುಮತಿ ಬೇಕು. ಇದಲ್ಲದೆ ಕೇಂದ್ರ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ನಿರ್ಮಾಣ ನಿಷಿದ್ಧ. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. 1992ರ ಅಧಿಸೂಚನೆಯಿಂದ ಬಂದ ಈ ನಿಯಮ 2010ರ ತಿದ್ದುಪಡಿಯಿಂದ ಬಿಗಿಯಾಯಿತು. ಪಂಚಾಯತಿಯ ಪರವಾನಗಿಯೊಂದೇ ಸಾಲದು ಎಂಬುದು ಇದರ ತಾತ್ಪರ್ಯ.

ಇದನ್ನು ಲೆಕ್ಕಿಸದವರಿಗೆ ಏನಾಯಿತೆಂಬುದಕ್ಕೆ ವಿರೂಪಾಪುರಗಡ್ಡೆ ನಿದರ್ಶನ. ವಿರೂಪಾಕ್ಷ ದೇವಾಲಯದ ಎದುರು ದಡದಲ್ಲಿರುವ ಈ ನಡುಗಡ್ಡೆಯ ಕೃಷಿಭೂಮಿಯಲ್ಲಿ ವಿದೇಶೀ ಪ್ರವಾಸಿಗರನ್ನು ನೆಚ್ಚಿ ವಸತಿಗೃಹಗಳು ಒಂದೊಂದಾಗಿ ಎದ್ದವು. ಈ ಪ್ರದೇಶವು 1988ರಲ್ಲಿಯೇ ರಾಜ್ಯದ ಪ್ರಾಚೀನ ಸ್ಮಾರಕಗಳ ಕಾಯಿದೆಯಡಿ ರಕ್ಷಿತವೆಂದು ಪ್ರಕಟವಾಗಿತ್ತು. ವ್ಯಾಜ್ಯ ವರ್ಷಗಳ ಕಾಲ ನಡೆದು, 2020ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತೆರವಿನ ಆದೇಶವನ್ನು ಎತ್ತಿಹಿಡಿಯಿತು. ಮರುತಿಂಗಳೇ ಕಟ್ಟಡಗಳು ನೆಲಸಮವಾದವು. ಆ ಹೊತ್ತಿಗೆ ಅವುಗಳಲ್ಲಿ ದುಡಿಯುತ್ತಿದ್ದ ಅಡುಗೆಯವರು, ಆಟೋ ಚಾಲಕರು, ಹರಿಗೋಲಿನವರು ಯಾವ ಅಧಿಸೂಚನೆಯನ್ನೂ ಓದಿದವರಲ್ಲ. ಹಂಪಿ ಬಜಾರಿನಿಂದ ಎಬ್ಬಿಸಲ್ಪಟ್ಟ ಕುಟುಂಬಗಳಿಗೆ ಕಡ್ಡಿರಾಂಪುರದಲ್ಲಿ ನಿವೇಶನ ತೋರಿಸಲಾಯಿತಾದರೂ ತೇರಿನ ಬೀದಿಯ ಗಿರಾಕಿ ಅಲ್ಲಿಗೆ ಬರುವುದಿಲ್ಲ. ತಡವಾದ ಜಾರಿಯ ಭಾರ ಬಹುಪಾಲು ಬೀಳುವುದು ಇಂಥವರ ಮೇಲೆಯೇ.

ಬೆಟ್ಟದ ಲೆಕ್ಕ

ಸಂಡೂರಿನಲ್ಲಿ ಪ್ರಕೃತಿಯನ್ನೂ ಸಂಸ್ಕೃತಿಯನ್ನೂ ಬೇರ್ಪಡಿಸುವುದು ಕಷ್ಟ. ಪ್ರಾಚೀನವಾದ ಪಾರ್ವತಿ ಹಾಗೂ ಕುಮಾರಸ್ವಾಮಿ ದೇವಾಲಯಗಳು ನಿಂತಿರುವುದು ಅದಿರಿನ ಬೆಟ್ಟದ ಕಾಡಿನ ನಡುವೆ. ಸಿಡಿಮದ್ದಿನ ಅದುರು, ಕೆಂಪು ಧೂಳು, ಹಳ್ಳಗಳಲ್ಲಿ ತುಂಬುವ ಹೂಳು—ಇವು ಗುಡಿಗೂ ಗದ್ದೆಗೂ ಸಮಾನ ಶತ್ರುಗಳು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಗಣಿಗಳನ್ನು ಅವುಗಳ ಒತ್ತುವರಿಯ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವಿಂಗಡಿಸಿದುದನ್ನು ಒಪ್ಪಿ, ‘ಸಿ’ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿತು. ಉಳಿದವು ನೆಲವನ್ನು ಸುಸ್ಥಿತಿಗೆ ತರುವ ಯೋಜನೆಯನ್ನು ಒಪ್ಪಿಕೊಂಡ ಮೇಲಷ್ಟೇ ಕೆಲಸ ಆರಂಭಿಸಬೇಕಾಯಿತು. ವಾರ್ಷಿಕ ಉತ್ಪಾದನೆಗೆ ಬಳ್ಳಾರಿಗೆ 25 ದಶಲಕ್ಷ ಟನ್, ಚಿತ್ರದುರ್ಗ–ತುಮಕೂರಿಗೆ ಒಟ್ಟು 5 ದಶಲಕ್ಷ ಟನ್ ಎಂಬ ಮಿತಿ ಬಿದ್ದಿತು. ಈ ಮಿತಿಯನ್ನು ಮುಂದೆ ಹಂತಹಂತವಾಗಿ ಏರಿಸಿ, 2022ರಲ್ಲಿ ಕ್ರಮವಾಗಿ 35 ಮತ್ತು 15 ದಶಲಕ್ಷ ಟನ್‌ಗೆ ನಿಗದಿಪಡಿಸಲಾಯಿತು. ಅದೇ ವರ್ಷ ಕಡ್ಡಾಯ ಇ–ಹರಾಜಿನ ವ್ಯವಸ್ಥೆಯೂ ಸಡಿಲವಾಯಿತು.

ಗಣಿಗಾರರು ಈ ಮಿತಿಯನ್ನು ದಂಡನೆಯೆಂದೇ ಕಂಡರು. ಆದರೆ ಸಣ್ಣ ಲಾರಿ ಮಾಲೀಕನ ದೃಷ್ಟಿಯಿಂದ ನೋಡಿದರೆ ಚಿತ್ರ ಬೇರೆ. ಅದಿರಿನ ಭರಾಟೆಯ ದಿನಗಳಲ್ಲಿ ಸಾಲ ಮಾಡಿ ಲಾರಿ ಕೊಂಡವರಿಗೆ 2011ರಲ್ಲಿ ಕಂತು ಕಟ್ಟಲು ದಾರಿಯಿರಲಿಲ್ಲ. ವರ್ಷಕ್ಕೆ ಇಷ್ಟೇ ಟನ್ ಎಂಬುದು ಮೊದಲೇ ತಿಳಿದಿದ್ದರೆ ಎಷ್ಟು ಲಾರಿ ಬೇಕೆಂಬ ಲೆಕ್ಕವೂ ಸಿಗುತ್ತಿತ್ತು. ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕಾಗಿ ಸಂಗ್ರಹವಾದ ಹಣವನ್ನು ಬಳಸಲು 2014ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮವು ಸ್ಥಾಪನೆಯಾಯಿತು. ಕುಡಿಯುವ ನೀರು, ಆಸ್ಪತ್ರೆ, ರಸ್ತೆಗಳ ಜೊತೆಗೆ ಕಾಡಿಗೂ ಅದರಲ್ಲಿ ಪಾಲಿರುವುದರಿಂದ ಸ್ಥಳೀಯ ಗುತ್ತಿಗೆದಾರರೂ ಸಸ್ಯಪಾಲಕರೂ ಅದರ ಕಾಮಗಾರಿಗಳತ್ತ ಗಮನ ಕೊಡುವುದು ಒಳ್ಳೆಯದು.

ದರೋಜಿ ಕರಡಿಧಾಮವು 1994ರಲ್ಲಿ ಘೋಷಿತವಾಯಿತು. ತುಂಗಭದ್ರಾ ನದಿಯ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ಭಾಗವು 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು. ಅಭಯಾರಣ್ಯದ ಗಡಿಯಿಂದ ಒಂದು ಕಿಲೋಮೀಟರ್ ಒಳಗೆ ಗಣಿಗಾರಿಕೆ ಸಲ್ಲದೆಂಬುದನ್ನು ಸರ್ವೋಚ್ಚ ನ್ಯಾಯಾಲಯವು 2023ರಲ್ಲಿಯೂ ಖಚಿತಪಡಿಸಿದೆ. ಕಲ್ಲುಗಣಿ, ಜಲ್ಲಿ ಕ್ರಷರ್‌ಗಳಲ್ಲಿ ಹಣ ತೊಡಗಿಸುವವರು ಇದನ್ನು ಮೊದಲೇ ನೋಡಿಕೊಳ್ಳಬೇಕು.

ಪ್ರಚಾರ ಎಂದರೆ ಮಾರಾಟವೇ?

ರಕ್ಷಣೆಯ ಇನ್ನೊಂದು ಮುಖ ಪ್ರಚಾರ. 2017ರಲ್ಲಿ ಬಂದ 50 ರೂಪಾಯಿ ನೋಟಿನ ಹಿಂಬದಿಯಲ್ಲಿ ಹಂಪಿಯ ಕಲ್ಲಿನ ತೇರಿದೆ. ಅದಕ್ಕಿಂತ ಹೆಚ್ಚಿನ ಜಾಹೀರಾತು ಬೇಕಿಲ್ಲ. ಬೇಕಾದದ್ದು, ಬಂದವರು ಕೊಡುವ ಹಣ ಊರಿನಲ್ಲಿಯೇ ಉಳಿಯುವ ಬಗೆ. ಇದರಲ್ಲಿ ಸಂಡೂರಿನ ಲಂಬಾಣಿ ಕಸೂತಿಯ ಅನುಭವ ಗಮನಾರ್ಹ. ತಾಂಡಾಗಳ ಹೆಂಗಸರು ತಮ್ಮ ಉಡುಗೆಗೆಂದು ಹಾಕುತ್ತಿದ್ದ ಹೊಲಿಗೆಯನ್ನು ಸಂಡೂರು ಕುಶಲ ಕಲಾ ಕೇಂದ್ರವು ಚೀಲ, ದಿಂಬಿನ ಹೊದಿಕೆ, ಸೀರೆಯ ಅಂಚುಗಳಿಗೆ ತಂದಿತು. ‘ಸಂಡೂರು ಲಂಬಾಣಿ ಕಸೂತಿ’ಗೆ 2010ರಲ್ಲಿ ಭೌಗೋಳಿಕ ಸೂಚಕದ ನೋಂದಣಿ ದೊರೆಯಿತು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ–20 ಸಂಸ್ಕೃತಿ ಕಾರ್ಯಪಡೆಯ ಸಭೆ ಸೇರಿದಾಗ 1,755 ಲಂಬಾಣಿ ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು.

ದಾಖಲೆಗಿಂತ ನೋಂದಣಿಯೇ ವರ್ತಕರಿಗೆ ಮುಖ್ಯ. 1999ರ ಅಧಿನಿಯಮದ ಪ್ರಕಾರ ಈ ನೋಂದಣಿ ಹತ್ತು ವರ್ಷಗಳಿಗೆ ಊರ್ಜಿತ, ಮತ್ತೆ ನವೀಕರಿಸಬಹುದು. ನೋಂದಾಯಿತ ಅಧಿಕೃತ ಬಳಕೆದಾರರು ತಯಾರಿಸಿದ ಮಾಲಿಗೆ ಮಾತ್ರ ಆ ಹೆಸರು ಸಲ್ಲುತ್ತದೆ. ಯಂತ್ರದಲ್ಲಿ ಹೊಲಿದು ಕನ್ನಡಿ ಅಂಟಿಸಿದ ಚೀಲಕ್ಕೆ ಸಂಡೂರಿನ ಹೆಸರು ಹಚ್ಚಿ ಮಾರುವುದು ಕಾನೂನುಬಾಹಿರ. ಕಸೂತಿಗಾರ್ತಿಯ ಕೂಲಿಯನ್ನು ಮೊದಲು ಇಳಿಸುವುದೂ ಅಂಥ ಮಾಲೇ. ಸಗಟು ಖರೀದಿಸುವ ಅಂಗಡಿಯವರು ಬಿಲ್ಲಿನ ಜೊತೆಗೆ ಅಧಿಕೃತ ಬಳಕೆದಾರರ ನೋಂದಣಿ ವಿವರವನ್ನು ಕೇಳಿ ಪಡೆಯತಕ್ಕದ್ದು. ಆನೆಗೊಂದಿಯಲ್ಲಿ 1997ರಿಂದ ಕಿಷ್ಕಿಂಧಾ ಟ್ರಸ್ಟ್ ನಡೆಸುತ್ತ ಬಂದಿರುವ ಬಾಳೆನಾರಿನ ಕೆಲಸವೂ ಇದೇ ದಾರಿಯದು: ಗೊನೆ ಕಡಿದ ಮೇಲೆ ಎಸೆಯುವ ದಿಂಡಿನಿಂದ ಹಗ್ಗ, ಬುಟ್ಟಿ, ಚೀಲ.

ಬಾಳೆಯ ಮಾತು ಬಂದುದರಿಂದ ಕಾಲುವೆಗಳನ್ನೂ ನೆನೆಯಬೇಕು. ವಿಜಯನಗರ ಕಾಲದ ರಾಯ, ಬಸವಣ್ಣ, ತುರ್ತಾ ಕಾಲುವೆಗಳು ಇಂದಿಗೂ ಹೊಸಪೇಟೆ, ಕಮಲಾಪುರಗಳ ಬಾಳೆ, ಕಬ್ಬು, ಭತ್ತಕ್ಕೆ ನೀರುಣಿಸುತ್ತಿವೆ. ಟಿಕೆಟ್ಟಿಲ್ಲದ, ಫಲಕವಿಲ್ಲದ ಈ ಸ್ಮಾರಕಗಳು ಈ ಪ್ರದೇಶದ ಮಾರುಕಟ್ಟೆಗೆ ಕೊಡುವ ಆದಾಯವನ್ನು ಯಾರೂ ಪ್ರವಾಸೋದ್ಯಮದ ಲೆಕ್ಕಕ್ಕೆ ಸೇರಿಸುವುದಿಲ್ಲ.

ಇನ್ನು ವ್ಯವಹಾರದ ಒಂದು ತೊಡಕು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ಮೇಲೆ ಹಂಪಿ, ಹೊಸಪೇಟೆಗಳು ಹೊಸ ಜಿಲ್ಲೆಗೆ ಸೇರಿದವು. ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲಿ ಉಳಿದವು. ಆನೆಗೊಂದಿ ಇರುವುದು ಕೊಪ್ಪಳ ಜಿಲ್ಲೆಯಲ್ಲಿ. ಆದರೆ ಪರಂಪರೆ ಪ್ರದೇಶದ ಗಡಿಯು ಜಿಲ್ಲೆಯ ಗಡಿಯನ್ನು ಅನುಸರಿಸುವುದಿಲ್ಲ. ಕಮಲಾಪುರದಿಂದ ಬುಕ್ಕಸಾಗರದವರೆಗೆ ಅಥವಾ ನದಿಯಾಚೆ ಜಮೀನು ಕೊಳ್ಳುವವರು ಪಹಣಿಯನ್ನು ನೋಡುವುದಕ್ಕೆ ಮೊದಲು ಆ ಸರ್ವೆ ನಂಬರು 29 ಗ್ರಾಮಗಳ ನಕ್ಷೆಯಲ್ಲಿ ಯಾವ ವಲಯಕ್ಕೆ ಸೇರಿದೆ, ಹತ್ತಿರದ ಸ್ಮಾರಕದಿಂದ ಎಷ್ಟು ಮೀಟರ್ ದೂರದಲ್ಲಿದೆ ಎಂಬುದನ್ನು ಪ್ರಾಧಿಕಾರದಿಂದಲೂ ಪುರಾತತ್ತ್ವ ಇಲಾಖೆಯಿಂದಲೂ ಲಿಖಿತವಾಗಿ ಪಡೆದು, ಅನಂತರವೇ ಮುಂಗಡ ಕೊಡುವುದು ಸೂಕ್ತ.