ಸತ್ತವರನ್ನು ಕಂಡವಳು, ಬದುಕಿದವರಿಗೆ ಕಾಣದವಳು

ಒಂದು ದಟ್ಟ ಕಾಡು. ಧ್ವನಿಪರಿಣಾಮದ ಕೆಲಸ ಮಾಡುವವನೊಬ್ಬ ಮೈಕು ಹಿಡಿದು ಎಲೆಗಳ ನಡುವೆ ಗಾಳಿ ಸುಳಿಯುವ ಸದ್ದನ್ನು ಮುದ್ರಿಸಿಕೊಳ್ಳುತ್ತಿದ್ದಾನೆ. ಅಪಹರಣಕಾರನಿಂದ ತಪ್ಪಿಸಿಕೊಂಡು ಓಡಿಬಂದ ಪುಟ್ಟ ಹುಡುಗಿಯೊಬ್ಬಳು ಅವನಿಗೆ ತಿಳಿಯದಂತೆ ಅವನ ಸಲಕರಣೆಯ ಪೆಟ್ಟಿಗೆಯೊಳಗೆ ಅಡಗಿಕೊಳ್ಳುತ್ತಾಳೆ. ಆತ ಪೆಟ್ಟಿಗೆ ಮುಚ್ಚಿ, ಕಾರಿಗೆ ಹಾಕಿಕೊಂಡು ಮನೆಗೆ ಹೊರಡುತ್ತಾನೆ. ಮನೆಯಲ್ಲಿರುವ ಹೆಂಡತಿಗೆ ಪ್ರೇತಗಳು ಕಾಣಿಸುತ್ತವೆ. ಕಾಣೆಯಾದ ಅದೇ ಮಗುವಿನ ಸುಳಿವಿಗಾಗಿ ಮನಶ್ಶಾಸ್ತ್ರದ ವಿದ್ಯಾರ್ಥಿಯೊಬ್ಬನ ಮೂಲಕ ಅವಳ ನೆರವನ್ನೇ ಕೋರಲಾಗುತ್ತದೆ.

ಜಪಾನಿನ ಕಿಯೋಶಿ ಕುರೊಸಾವಾ 2000ರಲ್ಲಿ ಟೆಲಿವಿಷನ್‌ಗಾಗಿ ನಿರ್ದೇಶಿಸಿದ ‘ಕೋರೆಯ್’ ಚಿತ್ರದ ಕತೆ ಹೀಗೆ ಶುರುವಾಗುತ್ತದೆ. ಹೆಸರು ನೋಡಿ ಅಕಿರಾ ಕುರೊಸಾವಾರ ಮಗನೋ ಮೊಮ್ಮಗನೋ ಎಂದು ಭಾವಿಸಬೇಕಿಲ್ಲ, ಇಬ್ಬರಿಗೂ ನಂಟಿಲ್ಲ. ‘ಕೋರೆಯ್’ ಎಂದರೆ ಸತ್ತವರ ಆತ್ಮವನ್ನು ಇಳಿಸಿ ಕರೆಯುವುದು. ನಮ್ಮ ‘ಆವಾಹನೆ’ ಎಂಬ ಮಾತು ಅದಕ್ಕೆ ತೀರ ಹತ್ತಿರ. ಇದೇ ನಿರ್ದೇಶಕರ ‘ಕ್ಯೂರ್’ (1997) ಮತ್ತು ‘ಕೈರೊ’ (2001) ಚಿತ್ರಗಳ ಬಗ್ಗೆ ಆಗಿರುವಷ್ಟು ಚರ್ಚೆ ಇದರ ಬಗ್ಗೆ ಆಗಿಲ್ಲ. ಕಿರುತೆರೆಗೆಂದು ತಯಾರಾದ ಚಿತ್ರಗಳ ಹಣೆಬರಹವೇ ಅಷ್ಟು.

ಕತೆಯ ಮೂಲ ಮಾತ್ರ ಜಪಾನಿನದಲ್ಲ. ಮಾರ್ಕ್ ಮೆಕ್‌ಶೇನ್ 1961ರಲ್ಲಿ ಬರೆದ ‘ಸೆಯಾನ್ಸ್ ಆನ್ ಎ ವೆಟ್ ಆಫ್ಟರ್‌ನೂನ್’ ಎಂಬ ಇಂಗ್ಲಿಷ್ ಕಾದಂಬರಿ ಅದು. 1964ರಲ್ಲಿ ಬ್ರಯಾನ್ ಫೋರ್ಬ್ಸ್ ಅದೇ ಹೆಸರಿನಲ್ಲಿ ಅದನ್ನು ತೆರೆಗೆ ತಂದರು. ಅಲ್ಲಿನ ಮೈರಾ ತನ್ನ ಮನೆಯಲ್ಲೇ ಪ್ರೇತಗಳನ್ನು ಕರೆಯುವ ಕೂಟ ನಡೆಸುವವಳು. ಹೆಸರು ಗಳಿಸಬೇಕೆಂದು ಗಂಡನಿಂದ ಶ್ರೀಮಂತರ ಮಗುವೊಂದನ್ನು ಅಪಹರಿಸುತ್ತಾಳೆ. ಆಮೇಲೆ ತನ್ನ ‘ದಿವ್ಯದೃಷ್ಟಿ’ಯಿಂದ ಮಗುವನ್ನು ಪತ್ತೆ ಮಾಡಿದಂತೆ ತೋರಿಸುವುದು ಅವಳ ಹೂಟ. ಹೆಂಡತಿಗೆ ಎದುರಾಡಲಾರದ ಗಂಡನಾಗಿ ನಟಿಸಿದವರು ರಿಚರ್ಡ್ ಅಟೆನ್‌ಬರೋ, ಮುಂದೆ ‘ಗಾಂಧಿ’ ಚಿತ್ರ ಮಾಡಿದವರು. ಮೈರಾ ಪಾತ್ರಕ್ಕಾಗಿ ಕಿಮ್ ಸ್ಟ್ಯಾನ್ಲಿ ಆಸ್ಕರ್‌ಗೆ ನಾಮಕರಣಗೊಂಡರೂ ಪ್ರಶಸ್ತಿ ‘ಮೇರಿ ಪಾಪಿನ್ಸ್’ನ ಜೂಲಿ ಆಂಡ್ರ್ಯೂಸ್ ಪಾಲಾಯಿತು.

ಮೈರಾಳ ಶಕ್ತಿ ನಿಜವೋ ಭ್ರಮೆಯೋ ಎಂಬ ಅನುಮಾನದ ಮೇಲೆ ಬ್ರಿಟಿಷ್ ಚಿತ್ರ ನಿಂತಿದೆ. ಕುರೊಸಾವಾ ಆ ಅನುಮಾನವನ್ನೇ ತೆಗೆದುಹಾಕಿದರು. ಅವರ ನಾಯಕಿ ಜುಂಕೊಗೆ ಪ್ರೇತಗಳು ನಿಜವಾಗಿಯೂ ಕಾಣುತ್ತವೆ. ಹೋಟೆಲೊಂದರಲ್ಲಿ ಊಟ ಬಡಿಸುವ ಕೆಲಸಕ್ಕೆ ಸೇರಿದರೆ, ಅಲ್ಲಿ ಗಿರಾಕಿಯೊಬ್ಬನ ಬೆನ್ನಿಗೆ ಅಂಟಿಕೊಂಡಂತೆ ಸತ್ತ ಹೆಂಗಸೊಬ್ಬಳು! ಕೆಲಸ ಉಳಿಯುವುದಿಲ್ಲ. ಇಷ್ಟೊಂದು ಕಂಡೂ ಅವಳು ಯಾರ ಕಣ್ಣಿಗೂ ಬೀಳದ ಗೃಹಿಣಿ. ಹಾಗಾಗಿಯೇ ಪೆಟ್ಟಿಗೆಯಲ್ಲಿ ಜೀವಂತ ಮಗು ಸಿಕ್ಕಾಗ ಅವಳು ಪೊಲೀಸರಿಗೆ ಫೋನ್ ಮಾಡಲು ಬಿಡುವುದಿಲ್ಲ. ಸತ್ಯ ಹೇಳಿದರೆ ಯಾರು ನಂಬುತ್ತಾರೆ? ಬದಲಿಗೆ, ಸ್ವಲ್ಪ ಸ್ವಲ್ಪವಾಗಿ ‘ಸುಳಿವು’ ಕೊಟ್ಟರೆ? ನಿಜವಾದ ಶಕ್ತಿಯುಳ್ಳವಳು ಮೋಸಗಾರಳಾಗುವುದು ಈ ಗಳಿಗೆಯಲ್ಲಿ. ದೆವ್ವ ಬರುವುದಕ್ಕೆ ಮೊದಲೇ ನನಗೆ ಎದೆ ನಡುಗಿದ್ದು ಇಲ್ಲಿಯೇ. ಮುಂದೆ ಗಂಡಹೆಂಡಿರ ಕೈಯಲ್ಲೇ ಮಗುವಿನ ಪ್ರಾಣ ಹೋಗುತ್ತದೆ.

ನಂಬಿಸಲೇಬೇಕೆಂಬ ಈ ಒತ್ತಡಕ್ಕೆ ಜಪಾನಿನಲ್ಲಿ ಒಂದು ಹಳೆಯ, ನಿಜವಾದ ಕತೆಯಿದೆ. ಟೋಕಿಯೊ ಇಂಪೀರಿಯಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ತೊಮೊಕಿಚಿ ಫುಕುರಾಯ್ 1910ರಲ್ಲಿ ಚಿಜುಕೊ ಮಿಫುನೆ ಎಂಬ ತರುಣಿಯನ್ನು ವಿದ್ವಾಂಸರ ಮುಂದೆ ಕೂರಿಸಿದರು. ಮುಚ್ಚಿದ ಕೊಳವೆಯೊಳಗಿನ ಕಾಗದದಲ್ಲಿ ಏನು ಬರೆದಿದೆ ಎಂದು ತೆರೆಯದೆಯೇ ಹೇಳುವುದು ಅವಳ ಪರೀಕ್ಷೆ. ಅವಳು ಹೇಳಿದಳು. ಆದರೆ ಆ ಕಾಗದ ಅಂದಿನ ಪರೀಕ್ಷೆಗೆಂದು ಸಿದ್ಧಪಡಿಸಿದ್ದಲ್ಲ, ಅಭ್ಯಾಸಕ್ಕೆಂದು ಮೊದಲೇ ಕೊಟ್ಟಿದ್ದದ್ದು ಎಂದು ಗೊತ್ತಾಯಿತು. ಅನುಮಾನ ಹಬ್ಬಿತು, ಪತ್ರಿಕೆಗಳು ವಿವಾದವನ್ನು ಬೆಳೆಸಿದವು. (ನಮ್ಮ ವೃತ್ತಿಯವರು ಇಂಥದ್ದರಲ್ಲಿ ಎಂದೂ ಹಿಂದೆ ಬಿದ್ದವರಲ್ಲ.) 1911ರ ಜನವರಿಯಲ್ಲಿ ಚಿಜುಕೊ ವಿಷ ಕುಡಿದು ಸತ್ತಳು, ಆಗಿನ್ನೂ ಅವಳಿಗೆ 24 ವರ್ಷ. ಪಟ್ಟು ಬಿಡದ ಫುಕುರಾಯ್ ದಿವ್ಯದೃಷ್ಟಿಯ ಬಗ್ಗೆ ಪುಸ್ತಕ ಪ್ರಕಟಿಸಿ 1913ರಲ್ಲಿ ವಿಶ್ವವಿದ್ಯಾಲಯದಿಂದ ಹೊರಬೀಳಬೇಕಾಯಿತು. 1998ರ ಪ್ರಖ್ಯಾತ ‘ರಿಂಗ್’ ಚಿತ್ರದಲ್ಲಿ ಪತ್ರಕರ್ತರ ಮುಂದೆ ಶಕ್ತಿ ಪ್ರದರ್ಶಿಸಿ ಅವಮಾನಕ್ಕೀಡಾಗುವ ತಾಯಿಯ ಪಾತ್ರಕ್ಕೆ ಚಿಜುಕೊಳ ಬದುಕೇ ಪ್ರೇರಣೆ ಎನ್ನುತ್ತಾರೆ. ‘ಕೋರೆಯ್’ನಲ್ಲಿ ಜುಂಕೊಳನ್ನು ಅಧ್ಯಯನ ಮಾಡಬಯಸುವ ವಿದ್ಯಾರ್ಥಿಯನ್ನು ಕಂಡಾಗಲೂ ಫುಕುರಾಯ್ ನೆನಪಾಗದೆ ಇರುವುದಿಲ್ಲ.

ಹೆದರಿಸುವ ವಿಷಯದಲ್ಲಿ ಕುರೊಸಾವಾ ಜಿಪುಣರು. ಕಿವಿಗಡಚಿಕ್ಕುವ ಸಂಗೀತವಿಲ್ಲ, ತಟ್ಟನೆ ಎದುರಿಗೆ ಹಾರುವ ಮುಖಗಳಿಲ್ಲ. ಕೋಣೆಯ ಮೂಲೆಯಲ್ಲಿ ಮಗು ಸುಮ್ಮನೆ ನಿಂತಿರುತ್ತದೆ, ಕ್ಯಾಮೆರಾ ಕೂಡ ಸುಮ್ಮನಿರುತ್ತದೆ, ಅಷ್ಟೇ. ಇದು ಕಡಿಮೆ ಖರ್ಚಿನ ಉಪಾಯವೂ ಹೌದು. ನಡುವೆ ಕೆಲವು ದೃಶ್ಯಗಳು ಎಳೆದಂತಾಗುವುದನ್ನೂ ಹೇಳಬೇಕು. ಅರ್ಚಕನನ್ನು ಕರೆಸುವ ಪ್ರಸಂಗದಿಂದ ಕತೆ ಮುಂದೆ ಸಾಗುವುದಿಲ್ಲ.

ಗಂಡನ ಪಾತ್ರದಲ್ಲಿ ಕೋಜಿ ಯಾಕುಶೊ ಅವರ ಅಭಿನಯಕ್ಕಾಗಿಯಾದರೂ ಚಿತ್ರ ನೋಡಬೇಕು. ಆತ ಕೆಟ್ಟವನಲ್ಲ, ಹೆಂಡತಿಗೆ ಬೇಡವೆನ್ನಲಾರದವನು. ಒಂದು ದಿನ ತನ್ನಂತೆಯೇ ಇರುವ ಇನ್ನೊಬ್ಬ ಮನೆಯ ಹೊರಗೆ ಕುಳಿತಿರುವುದನ್ನು ಕಾಣುತ್ತಾನೆ. ಕೂಗುವುದಿಲ್ಲ, ಓಡುವುದೂ ಇಲ್ಲ. ಅವನ ಮೇಲೆ ಪೆಟ್ರೋಲು ಸುರಿದು ಬೆಂಕಿ ಹಚ್ಚುತ್ತಾನೆ. ಉರಿಯುತ್ತಿರುವ ಆ ಇನ್ನೊಬ್ಬ ಕುಳಿತಲ್ಲಿಂದ ಕದಲುವುದೇ ಇಲ್ಲ.