ಬಿಟ್ಟ ಮೂರನೆಯ ರಾತ್ರಿ

ಎಡದ ಅಂಗೈಯಲ್ಲಿ ಚಿಟಿಕೆ ತಂಬಾಕನ್ನು ಹರಡಿ, ಚಂಚಿಯೊಳಗಿನ ಪುಟ್ಟ ಡಬ್ಬಿಯಿಂದ ಬೆರಳ ತುದಿಯಷ್ಟು ಸುಣ್ಣವನ್ನು ತೆಗೆದು ಅದರ ಮೇಲಿಟ್ಟು, ಬಲಗೈಯ ಹೆಬ್ಬೆರಳಿನಿಂದ ಹದವಾಗಿ ತಿಕ್ಕಿ, ಎರಡು ಸಲ ತಟ್ಟಿ ಧೂಳು ಹಾರಿಸಿ, ಕೆಳತುಟಿಯ ಒಳಗೆ ಇಟ್ಟುಕೊಳ್ಳುವ ಆ ಸಾವಧಾನದ ಕ್ರಿಯೆಯನ್ನು ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಯಾವ ಹೊಲದ ಬದುವಿನಲ್ಲಾದರೂ, ಯಾವ ಸಂತೆಯ ಮೂಲೆಯಲ್ಲಾದರೂ ಕಾಣಬಹುದು. ತಾನು ರಸಾಯನಶಾಸ್ತ್ರದ ಪ್ರಯೋಗವೊಂದನ್ನು ನಡೆಸುತ್ತಿರುವೆನೆಂಬ ಅರಿವು ತಿಕ್ಕುವವನಿಗೆ ಇರಲಾರದು. ಆದರೂ ಅಲ್ಲಿ ನಡೆಯುವುದು ಅದೇ. ತಂಬಾಕಿನ ಎಲೆಯಲ್ಲಿರುವ ನಿಕೋಟಿನ್ ಬಹುಮಟ್ಟಿಗೆ ಆಮ್ಲಗಳೊಡನೆ ಕೂಡಿಕೊಂಡು ಲವಣರೂಪದಲ್ಲಿ ಇರುವುದರಿಂದ ಬಾಯಿಯ ಒಳಪೊರೆಯನ್ನು ಸುಲಭವಾಗಿ ದಾಟಲಾರದು. ಸುಣ್ಣದ ಕ್ಷಾರಗುಣವು ಆ ಕೂಟವನ್ನು ಬಿಡಿಸಿ ನಿಕೋಟಿನ್ನನ್ನು ಸ್ವತಂತ್ರಗೊಳಿಸಿತೆಂದರೆ ಅದು ನೇರವಾಗಿ ರಕ್ತಕ್ಕಿಳಿದು ಮಿದುಳನ್ನು ಮುಟ್ಟುವುದು. ಸುಣ್ಣ ಕಡಿಮೆಯಾದ ತಂಬಾಕು ಏರುವುದಿಲ್ಲವೆಂದು ಹಳಬರು ಹೇಳುವುದು ಅಕ್ಷರಶಃ ಸತ್ಯ.

ಹುಕ್ಕೇರಿಯ ನೆರೆಯಲ್ಲೇ ಇರುವ ನಿಪ್ಪಾಣಿಯು ಬೀಡಿ ತಂಬಾಕಿನ ದೊಡ್ಡ ಪೇಟೆ. 1981ರಲ್ಲಿ ನ್ಯಾಯವಾದ ಬೆಲೆಗಾಗಿ ಅಲ್ಲಿ ಬೆಳೆಗಾರರು ಹೆದ್ದಾರಿಗಿಳಿದು ಹೋರಾಡಿದುದನ್ನೂ ಗೋಲಿಬಾರಿನಲ್ಲಿ ರೈತರು ಮಡಿದುದನ್ನೂ ಈ ಭಾಗದ ಹಿರಿಯರು ಮರೆತಿಲ್ಲ. ಹೀಗೆ ಬೆಳೆಯೂ ಜೀವನೋಪಾಯವೂ ಆದ ವಸ್ತುವನ್ನು ವಿಷವೆಂದು ಹೇಳಹೊರಟವನ ಮಾತು ಇಲ್ಲಿ ಸುಲಭವಾಗಿ ಕಿವಿಗೆ ಬೀಳುವಂತಹುದಲ್ಲ. ಹೆಂಗಸರು ಸುಟ್ಟ ತಂಬಾಕಿನ ಮಿಶ್ರಿಯಿಂದ ಹಲ್ಲು ತಿಕ್ಕುವುದನ್ನು ವ್ಯಸನವೆಂದು ಎಣಿಸುವವರು ಮನೆಯಲ್ಲಿ ಒಬ್ಬರೂ ಇರುವುದಿಲ್ಲ. 2016–17ರ ರಾಷ್ಟ್ರೀಯ ಸಮೀಕ್ಷೆಯು ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ 22.8 ಮಂದಿ ಯಾವುದೋ ರೂಪದಲ್ಲಿ ತಂಬಾಕನ್ನು ಬಳಸುವರೆಂದೂ, ಸೇದುವವರಿಗಿಂತ ಅಗಿಯುವವರೇ ಹೆಚ್ಚೆಂದೂ ಕಂಡಿತು. 2013ರಲ್ಲಿ ರಾಜ್ಯವು ಗುಟಖಾವನ್ನು ನಿಷೇಧಿಸಿದಾಗ ವ್ಯಾಪಾರವು ತೋರಿದ ಜಾಣತನವನ್ನು ಎಲ್ಲರೂ ಬಲ್ಲರು: ಪಾನ್ ಮಸಾಲೆಯ ಚೀಟಿಯೊಂದು, ತಂಬಾಕಿನ ಚೀಟಿಯೊಂದು, ಬೆರೆಸುವ ಕೆಲಸ ಮಾತ್ರ ಗಿರಾಕಿಯದು.

ಮದ್ಯದ ಚರಿತ್ರೆಯೂ ಇಂಥದೇ. ಈ ತಾಲ್ಲೂಕುಗಳಿರುವ ಬೆಳಗಾವಿ ಸೀಮೆಯು ಮುಂಬಯಿ ರಾಜ್ಯಕ್ಕೆ ಸೇರಿದ್ದಾಗ 1949ರ ಪಾನನಿರೋಧ ಶಾಸನಕ್ಕೆ ಒಳಪಟ್ಟಿತ್ತು. ಏಕೀಕರಣದ ತರುವಾಯ 1967ರಲ್ಲಿ ನಿರೋಧವು ರಾಜ್ಯದಲ್ಲಿ ಕೊನೆಗೊಂಡಿತು. 2007ರ ಜುಲೈ 1ರಿಂದ ಸಾರಾಯಿಯು ನಿಷಿದ್ಧವಾಯಿತು. ಸಾರಾಯಿಯ ಪಾಕೀಟು ಹೋದ ಜಾಗಕ್ಕೆ ಅಗ್ಗದ ವಿಸ್ಕಿಯ 90 ಮಿಲಿಲೀಟರಿನ ಕಾಗದದ ಪೊಟ್ಟಣ ಬಂದಿತು. ಹೆಸರು ವಿದೇಶಿಯದಾದರೂ ಅದರ ಮೂಲದ್ರವ್ಯವು ಬಹುತೇಕ ಸಕ್ಕರೆ ಕಾರ್ಖಾನೆಗಳಲ್ಲಿ ಉಳಿಯುವ ಕಾಕಂಬಿಯೇ ಆಗಿರುವುದರಿಂದ, ಘಟಪ್ರಭೆ ಹಿರಣ್ಯಕೇಶಿಗಳ ನೀರಿನಲ್ಲಿ ಕಬ್ಬು ಬೆಳೆದು, ಹಂಗಾಮಿನಲ್ಲಿ ಅದನ್ನು ಕಡಿದು, ಹೊತ್ತು, ಸಾಗಿಸುವ ಕೂಲಿಯವನು ಸಂಜೆಗೆ ಕೊಳ್ಳುವುದು ಒಂದರ್ಥದಲ್ಲಿ ತಾನೇ ಕಡಿದ ಬೆಳೆಯ ಕಡೆಯ ರೂಪವನ್ನು.

ಇಷ್ಟಕ್ಕೂ ಒಬ್ಬನು ಬಿಡಬೇಕೆಂದು ಮನಸಾರೆ ನಿಶ್ಚಯಿಸಿದರೂ ಬಿಡಲಾರದೆ ಹೋಗುವುದೇಕೆ? ಮಿದುಳಿನ ಆಳದಲ್ಲಿ ಅನ್ನ, ನೀರು, ಸಂಗ ಮೊದಲಾದ ಬಾಳಿಗೆ ಬೇಕಾದುವು ದೊರೆತಾಗ 'ಇದನ್ನು ನೆನಪಿಡು, ಮತ್ತೆ ಅರಸು' ಎಂದು ಗುರುತಿಡುವ ನರಮಾರ್ಗವೊಂದಿದೆ. ಡೋಪಮೈನ್ ಅದರ ದೂತದ್ರವ್ಯ. ಮದ್ಯವೂ ನಿಕೋಟಿನ್ನೂ ಆ ಮಾರ್ಗವನ್ನು ಸಹಜಕ್ಕಿಂತ ಪ್ರಬಲವಾಗಿ ಪ್ರಚೋದಿಸುವುವು. ಮದ್ಯದ ಮಟ್ಟಿಗೆ ಇನ್ನೊಂದು ಸಂಗತಿಯಿದೆ. ಅದು ಮಿದುಳನ್ನು ಶಾಂತಗೊಳಿಸುವ ಗಾಬಾ ಎಂಬ ದ್ರವ್ಯದ ಕಾರ್ಯವನ್ನು ಹೆಚ್ಚಿಸಿ, ಉದ್ರೇಕಿಸುವ ಗ್ಲುಟಮೇಟಿನ ಕಾರ್ಯವನ್ನು ತಗ್ಗಿಸುವುದು. ವರ್ಷಗಟ್ಟಲೆ ನಿತ್ಯವೂ ಕುಡಿಯುವವನ ಮಿದುಳು ಸಮತೋಲವನ್ನು ಕಾಯ್ದುಕೊಳ್ಳಲು ಇದಕ್ಕೆ ವಿರುದ್ಧವಾಗಿ ಉದ್ರೇಕವನ್ನು ಏರಿಸುತ್ತಲೇ ಇರುವುದರಿಂದ, ಹಗ್ಗಜಗ್ಗಾಟದಲ್ಲಿ ಎದುರಿನವರು ಫಕ್ಕನೆ ಕೈಬಿಟ್ಟರೆ ಜಗ್ಗುತ್ತಿದ್ದವರು ಹಿಂದಕ್ಕೆ ಬೀಳುವಂತೆ, ಮದ್ಯವು ಒಮ್ಮೆಗೇ ನಿಂತಾಗ ಆ ಉದ್ರೇಕವೆಲ್ಲ ತಡೆಯಿಲ್ಲದೆ ನುಗ್ಗುವುದು.

ಆ ನುಗ್ಗುವಿಕೆಗೆ ಒಂದು ಕಾಲಕ್ರಮವುಂಟು. ಕಡೆಯ ಗುಟುಕಿನ ಆರೆಂಟು ಗಂಟೆಗಳಲ್ಲಿ ಕೈ ನಡುಗತೊಡಗಿ, ಬೆವರು ಕಿತ್ತು, ನಿದ್ದೆ ಹಾರುವುದು. ಮೊದಲೆರಡು ದಿನಗಳೊಳಗೆ ಕೆಲವರಿಗೆ ಮೂರ್ಛೆ ಬಂದು ಕೈಕಾಲು ಸೆಟೆಯುವುವು. ಎರಡರಿಂದ ನಾಲ್ಕು ದಿನಗಳ ನಡುವೆ, ಹೆಚ್ಚಾಗಿ ಮೂರನೆಯ ರಾತ್ರಿಯ ಸುಮಾರಿಗೆ, ಕೆಲವರಲ್ಲಿ ಸನ್ನಿಯು ತಲೆದೋರುವುದು: ಗೋಡೆಯ ಮೇಲೆ ಹುಳು ಹರಿದಂತೆ, ಯಾರೋ ಕೊಲ್ಲಲು ಬಂದಂತೆ ಕಾಣುವುದು, ಟ್ರ್ಯಾಕ್ಟರ್ ಹೊಡೆಯುವವನು ಹಾಸಿಗೆಯಲ್ಲಿ ಕುಳಿತು ಇಲ್ಲದ ಸ್ಟೇರಿಂಗನ್ನು ತಿರುಗಿಸುವನು, ಕಬ್ಬು ಕಡಿಯುವವನು ಗಾಳಿಯಲ್ಲಿ ಕಟ್ಟು ಕಟ್ಟುವನು. ಮನೆಯವರು ದೆವ್ವ ಸೋಕಿತೆಂದು ಬಗೆದು ತಾಯಿತಕ್ಕೆ ಓಡುವರು; ಇಲ್ಲವೆ, "ಬಿಟ್ಟದ್ದಕ್ಕs ಹಿಂಗಾತ್ರಿ, ಸ್ವಲ್ಪ ಕುಡಿಸಿಬಿಡ್ರಿ" ಎಂದು ನೆರೆಯವರು ಹೇಳಿದ ಮಾತನ್ನು ನಡೆಸುವರು. ನೆರೆಯವರ ನಿದಾನವು ಸರಿಯೇ. ಔಷಧ ಮಾತ್ರ ತಪ್ಪು. ಚಿಕಿತ್ಸೆಯಿಲ್ಲದ ಕಾಲದಲ್ಲಿ ಈ ಸನ್ನಿಯು ನೂರಕ್ಕೆ 35 ಮಂದಿಯವರೆಗೂ ಬಲಿ ಪಡೆಯುತ್ತಿತ್ತು. ಸಕಾಲದ ಚಿಕಿತ್ಸೆಯು ದೊರೆತಲ್ಲಿ ಆ ಸಂಖ್ಯೆಯು ಐದಕ್ಕಿಂತ ಕೆಳಗಿಳಿದಿದೆ.

ಆಶ್ಚರ್ಯವೆಂದರೆ, ಆ ಚಿಕಿತ್ಸೆಯು ದುಬಾರಿಯದೂ ಅಲ್ಲ, ಅಪೂರ್ವವಾದುದೂ ಅಲ್ಲ. ಡಯಜೆಪಾಮಿನಂತಹ ಶಾಮಕವನ್ನು ಮೊದಲು ತಕ್ಕಷ್ಟು ಕೊಟ್ಟು ದಿನದಿನಕ್ಕೆ ತಗ್ಗಿಸುತ್ತ ಹೋಗುವುದು, ಮತ್ತು ಥಯಾಮಿನ್, ಎಂದರೆ ಬಿ-1 ಜೀವಸತ್ತ್ವವನ್ನು ಕೊಡುವುದು, ಇವೇ ಅದರ ಮುಖ್ಯಾಂಗಗಳು. ಎರಡನೆಯದನ್ನು ಅಲ್ಪವೆಂದು ಭಾವಿಸಬಾರದು. ಕುಡುಕನ ದೇಹದಲ್ಲಿ ಥಯಾಮಿನ್ ಬತ್ತಿರುತ್ತದೆ. ನಿತ್ರಾಣನಾಗಿ ಬಂದವನಿಗೆ ಸಲಾಯಿನ್ ಏರಿಸುವುದೇ ನಮ್ಮ ಸಣ್ಣ ದವಾಖಾನೆಗಳ ರೂಢಿಯಾಗಿರಲು, ಥಯಾಮಿನ್ ಇಲ್ಲದೆ ಗ್ಲೂಕೋಸನ್ನಷ್ಟೇ ಹರಿಸಿದರೆ ಉಳಿದಿದ್ದ ಅಷ್ಟಿಷ್ಟೂ ಖರ್ಚಾಗಿ, 1881ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ವರ್ಣಿಸಿದ ಮಿದುಳುಬೇನೆಯು ಎರಗಿ, ನೆನಪಿನ ಶಕ್ತಿಯೇ ಶಾಶ್ವತವಾಗಿ ಅಳಿಯುವ ಭಯವಿದೆ.

ಹಾಗಿದ್ದರೂ ಚಿಕಿತ್ಸೆ ಎಷ್ಟು ಜನರಿಗೆ ಸಿಕ್ಕುವುದು? 2019ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಸಮೀಕ್ಷೆಯಂತೆ, ದೇಶದಲ್ಲಿ ಮದ್ಯಕ್ಕೆ ಅಧೀನರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆಯು ದೊರೆತಿದೆ. ಒಳರೋಗಿಯಾಗಿ ದಾಖಲಾದವರು 180ರಲ್ಲಿ ಒಬ್ಬರು. ಗೋಕಾಕದಿಂದ ಜಿಲ್ಲಾಸ್ಪತ್ರೆಯಿರುವ ಬೆಳಗಾವಿಗೆ ಸುಮಾರು 70 ಕಿಲೋಮೀಟರು. ಮೂಡಲಗಿಯಿಂದ ಅದಕ್ಕೂ ಹೆಚ್ಚು. 1845ರಷ್ಟು ಹಿಂದೆಯೇ ಆರಂಭಗೊಂಡ ಧಾರವಾಡದ ಮಾನಸಿಕ ಆಸ್ಪತ್ರೆಯು ಇನ್ನೂ ದೂರ. ಈ ದೂರವನ್ನು ತಗ್ಗಿಸಲೆಂದೇ ರಾಜ್ಯವು 'ಮನೋಚೈತನ್ಯ' ಎಂಬ ಕಾರ್ಯಕ್ರಮದಡಿ ಮಂಗಳವಾರಗಳಂದು ಮನೋವೈದ್ಯರನ್ನು ತಾಲ್ಲೂಕು ಆಸ್ಪತ್ರೆಗೆ ಕಳುಹಿಸುವ ಏರ್ಪಾಡು ಮಾಡಿತು. ಏರ್ಪಾಡು ಒಳ್ಳೆಯದೇ. ಆದರೆ ಮೂರನೆಯ ರಾತ್ರಿಯು ಮಂಗಳವಾರಕ್ಕೇ ಬೀಳಬೇಕೆಂಬ ನಿಯಮವಿಲ್ಲ.

ನಮ್ಮ ಸೀಮೆಯಲ್ಲಿ ಕುಡಿತ ಬಿಡುವವರು ಆಸ್ಪತ್ರೆಯ ಪಂಚಾಂಗ ನೋಡಿ ಬಿಡುವುದೂ ಇಲ್ಲ. ಬಿಡುವುದು ಅಮಾವಾಸ್ಯೆಗೆ, ಜಾತ್ರೆಗೆ, ಮಠದ ಅಜ್ಜಾರ ಎದುರು ಆಣೆ ಮಾಡಿ. ಇಳಕಲ್ಲಿನ ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು ಊರೂರು ಸುತ್ತಿ, ಕಾಳುಕಡಿಗೆ ಬದಲಾಗಿ ಜನರ ಚಟಗಳನ್ನೇ ಭಿಕ್ಷೆ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರ್ಕಾರವು ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ನಾಡಿನುದ್ದಕ್ಕೂ ನಡೆದಿವೆ. ವಿದ್ಯಾವಂತರಲ್ಲಿ ಕೆಲವರು ಆಣೆ ಪ್ರಮಾಣಗಳನ್ನು ಹಗುರವಾಗಿ ಕಾಣುವರು. ನನಗೆ ಅದು ಅವಿವೇಕವೆಂದೇ ತೋರುವುದು. ಊರೆಲ್ಲರ ಎದುರು ನುಡಿದ ಮಾತಿಗೆ ಇರುವ ಬಲವು ಯಾವ ಗುಳಿಗೆಗೂ ಇಲ್ಲ. ಕೊರತೆಯಿರುವುದು ಆಣೆಯಲ್ಲಲ್ಲ, ಆಣೆಯ ಮರುದಿನದಿಂದ ನಾಲ್ಕು ದಿನ ಆ ಮನುಷ್ಯನ ನಾಡಿ ಹಿಡಿದು ನೋಡುವವರಿಲ್ಲದಿರುವುದರಲ್ಲಿ.

ಈ ಕೊರತೆಯ ನಡುವೆಯೇ ಗುಟ್ಟಿನ ಔಷಧಗಳ ವ್ಯಾಪಾರವು ಬೆಳೆಯುವುದು. ಕುಡಿಯುವವನಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸಿರೆಂದು ಮಾರುವ ಪುಡಿಗಳಲ್ಲಿ ಏನಿದೆಯೋ ಮಾರುವವನಿಗೇ ಗೊತ್ತು. 1940ರ ದಶಕದ ಕೊನೆಯಲ್ಲಿ ಡೆನ್ಮಾರ್ಕಿನ ಇಬ್ಬರು ವಿಜ್ಞಾನಿಗಳು ಗುರುತಿಸಿದ ಡೈಸಲ್ಫಿರಾಮ್ ಎಂಬ ನಿಜವಾದ ಔಷಧವೇ ಆದರೂ ಗುಟ್ಟಾಗಿ ಕೊಡತಕ್ಕದ್ದಲ್ಲ: ಅದು ಮದ್ಯವನ್ನು ದೇಹವು ಪೂರ್ತಿ ಕರಗಿಸದಂತೆ ತಡೆದು, ಅಸೆಟಾಲ್ಡಿಹೈಡ್ ಎಂಬ ವಿಷವು ಸಂಚಯವಾಗುವಂತೆ ಮಾಡುವುದು, ಅರಿಯದೆ ಅದರ ಮೇಲೆ ಕುಡಿದವನ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು. ವೈದ್ಯರ ಸಲಹೆಯಂತೆ, ತಿಳಿದು, ಒಪ್ಪಿ ನುಂಗಿದರೆ ಅದೂ, ಕುಡಿತದ ಹಂಬಲವನ್ನು ತಗ್ಗಿಸುವ ನಾಲ್ಟ್ರೆಕ್ಸೋನ್ ಮುಂತಾದುವೂ ಆಣೆಗೆ ಊರುಗೋಲಾಗುವುವು.

ಹಿಂದೆಂದೂ ಮೂರ್ಛೆ ಬಾರದ, ಸನ್ನಿ ಹಿಡಿಯದ, ಜೊತೆಗೆ ಬೇರೆ ಬೇನೆಯಿಲ್ಲದ, ನೋಡಿಕೊಳ್ಳಲು ಮನೆಯವರಿರುವ ಮನುಷ್ಯನು ಕುಡಿತ ಬಿಟ್ಟ ಮೊದಲ ನಾಲ್ಕೈದು ದಿನಗಳನ್ನು ತಜ್ಞರಿಲ್ಲದೆಯೂ, ದಿನಕ್ಕೊಮ್ಮೆ ಊರ ಹತ್ತಿರದ ವೈದ್ಯಾಧಿಕಾರಿಗೆ ತೋರಿಸಿಕೊಂಡು, ಮನೆಯಲ್ಲೇ ಕಳೆಯಬಹುದು. ಉಳಿದವರನ್ನು ಮಾತ್ರ ಆಸ್ಪತ್ರೆಗೆ ಸೇರಿಸಬೇಕಾಗುವುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ದೂರದ ವೈದ್ಯರಿಗೆ ಅವರಿದ್ದಲ್ಲಿಯೇ, ಪರದೆಯ ಮೂಲಕ, ವ್ಯಸನ ಚಿಕಿತ್ಸೆಯ ಶಿಕ್ಷಣವನ್ನು ಕೊಡುತ್ತ ಬಂದಿದೆ. 2022ರ ಅಕ್ಟೋಬರಿನಿಂದ 14416 ಎಂಬ ದೂರವಾಣಿಯಲ್ಲಿ ಹಗಲಿರುಳೂ ಉಚಿತವಾಗಿ ಕನ್ನಡದಲ್ಲಿ ಸಲಹೆಯು ದೊರೆಯುತ್ತಿದೆ. ಜಾತ್ರೆಯ ಕಮಿಟಿಯವರು ಆಣೆಗೆ ದಿನ ಗೊತ್ತುಪಡಿಸುವಾಗ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಒಂದು ಮಾತು ತಿಳಿಸಿದರೆ, ಅಲ್ಲಿಯ ವೈದ್ಯರು ಡಯಜೆಪಾಮನ್ನೂ ಥಯಾಮಿನ್ನನ್ನೂ ಮೊದಲೇ ತರಿಸಿಡಬಹುದು.