ಬೆವರಿಗೊಂದು ತೆರಿಗೆ, ಬಂಡವಾಳಕ್ಕೊಂದು ತೆರಿಗೆ

ಮಕ್ಕಳ ಕಥೆಗಳಿಂದ ಜಗತ್ತಿಗೆಲ್ಲ ಪರಿಚಿತರಾದ ಸ್ವೀಡನ್ನಿನ ಲೇಖಕಿ ಆಸ್ಟ್ರಿಡ್ ಲಿಂಡ್‌ಗ್ರೆನ್ 1976ರಲ್ಲಿ ಪತ್ರಿಕೆಯೊಂದಕ್ಕೆ ದೊಡ್ಡವರಿಗಾಗಿ ಒಂದು ಕಥೆ ಬರೆದರು. ಹೆಚ್ಚುವರಿ ಗಳಿಕೆಗೆ ಶೇಕಡ 102ರಷ್ಟು ತೆರಿಗೆ ಕಟ್ಟಬೇಕಾದ ಲೇಖಕಿಯೊಬ್ಬಳ ಪಾಡು ಅದರ ವಸ್ತು. ನೂರು ಕ್ರೋನ ಗಳಿಸಿದರೆ ನೂರಾ ಎರಡು ಸರ್ಕಾರಕ್ಕೆ! ಆ ಲೆಕ್ಕ ಕಲ್ಪನೆಯಲ್ಲ, ಅವರದೇ ಅನುಭವ.

ದುಡಿಮೆಯ ಮೇಲೆ ಇಷ್ಟು ಭಾರ ಹೊರಿಸಿದ್ದ ಸರ್ಕಾರಕ್ಕೆ ಬಂಡವಾಳದಿಂದ ಸಿಗುತ್ತಿದ್ದುದೆಷ್ಟು? ಆಗ ಸಂಬಳ, ಬಡ್ಡಿ, ಲಾಭಾಂಶಗಳನ್ನೆಲ್ಲ ಒಟ್ಟುಗೂಡಿಸಿ, ವರಮಾನ ಏರಿದಂತೆ ಏರುವ ದರದಲ್ಲಿ ತೆರಿಗೆ ವಿಧಿಸುತ್ತಿದ್ದರು. ನೋಡಲು ಇದು ನ್ಯಾಯವೇ. ಆದರೆ ಸಾಲದ ಬಡ್ಡಿಯನ್ನು ವರಮಾನದಿಂದ ಕಳೆಯಲು ಅವಕಾಶವಿತ್ತು. ಹೆಚ್ಚಿನ ದರದಲ್ಲಿ ತೆರಿಗೆ ಕಟ್ಟುವವನು ಸಾಲ ಮಾಡಿ ಮನೆ ಕೊಂಡರೆ, ಬಡ್ಡಿಯ ದೊಡ್ಡ ಪಾಲನ್ನು ಖಜಾನೆಯೇ ಹೊತ್ತಂತಾಗುತ್ತಿತ್ತು. 1980ರ ದಶಕದಲ್ಲಿ ಈ ವಿನಾಯಿತಿ ಎಷ್ಟು ಬೆಳೆಯಿತೆಂದರೆ, ಜನರ ಬಂಡವಾಳ ಆದಾಯದ ಬಾಬ್ತಿನಲ್ಲಿ ಸ್ವೀಡನ್ ಸರ್ಕಾರಕ್ಕೆ ಬಂದುದಕ್ಕಿಂತ ಹೋದುದೇ ಹೆಚ್ಚು. ಜೊತೆಗೆ, ಹಣ ಗಡಿ ದಾಟುವುದೂ ಸುಲಭವಾಗತೊಡಗಿತ್ತು. ದುಡಿಯುವ ಕೈ ಊರಲ್ಲೇ ಉಳಿಯುತ್ತದೆ. ಹಣಕ್ಕೆ ಆ ಕಟ್ಟುಪಾಡಿಲ್ಲ.

ಆದ್ದರಿಂದ ಈ ದೇಶಗಳು ವರಮಾನವನ್ನು ಎರಡಾಗಿ ವಿಂಗಡಿಸಿದವು. ಡೆನ್ಮಾರ್ಕ್ 1987ರಲ್ಲಿ ದಾರಿ ತೋರಿತು. 1991ರಲ್ಲಿ ಸ್ವೀಡನ್, 1992ರಲ್ಲಿ ನಾರ್ವೆ, 1993ರಲ್ಲಿ ಫಿನ್‌ಲೆಂಡ್ ಹಿಂಬಾಲಿಸಿದವು. ದುಡಿಮೆಯ ವರಮಾನಕ್ಕೆ ಏರುವ ದರ ಉಳಿಯಿತು. ಬಂಡವಾಳದ ವರಮಾನಕ್ಕೆ ಒಂದೇ ಸಮನಾದ ದರ ಬಂತು: ಸ್ವೀಡನ್ನಿನಲ್ಲಿ ಶೇಕಡ 30, ನಾರ್ವೆಯಲ್ಲಿ 28, ಫಿನ್‌ಲೆಂಡಿನಲ್ಲಿ 25. ಬಡ್ಡಿಯ ವಿನಾಯಿತಿಯೂ ಆ ಕಡಿಮೆ ದರಕ್ಕೇ ಇಳಿದು, ಸಾಲದ ಆಟ ಸೊರಗಿತು.

ಆದರೆ ಹೊಸ ತೊಡಕೊಂದು ಹುಟ್ಟಿತು. ಸ್ವಂತ ಕಂಪನಿ ನಡೆಸುವ ದಂತವೈದ್ಯರ ಗಳಿಕೆಯಲ್ಲಿ ಕೈಚಳಕದ ಫಲವೆಷ್ಟು, ಕುರ್ಚಿ-ಯಂತ್ರಗಳಿಗೆ ಹಾಕಿದ ಹಣದ ಫಲವೆಷ್ಟು? ತನ್ನ ಸಂಬಳವನ್ನೇ ಲಾಭಾಂಶವೆಂದು ಕರೆದುಕೊಂಡರೆ ತೆರಿಗೆ ತಗ್ಗುತ್ತದೆ. ಇದನ್ನು ತಡೆಯಲು ನಾರ್ವೆ ಒಂದು ನಿಯಮ ಮಾಡಿತು. ಕಂಪನಿಯಲ್ಲಿ ದುಡಿಯುವ ಮಾಲೀಕರ ಪಾಲು ಮೂರರಲ್ಲಿ ಎರಡು ಅಥವಾ ಹೆಚ್ಚಾಗಿದ್ದರೆ, ಹೂಡಿದ ಹಣಕ್ಕೆ ಇಂತಿಷ್ಟು ಪ್ರತಿಫಲವೆಂದು ಲೆಕ್ಕಹಾಕಿ, ಉಳಿದುದನ್ನು ದುಡಿಮೆಯೆಂದೇ ಪರಿಗಣಿಸಬೇಕು. ಜಾಣರು ಮೂರನೇ ಒಂದಕ್ಕಿಂತ ತುಸು ಹೆಚ್ಚು ಪಾಲನ್ನು ಹೊರಗಿನವರ ಹೆಸರಿಗೆ ಮಾಡಿ ನುಣುಚಿಕೊಂಡರು. ಕೊನೆಗೆ 2006ರಲ್ಲಿ ನಾರ್ವೆ ಆ ನಿಯಮವನ್ನೇ ಕೈಬಿಟ್ಟು, ಸಾಮಾನ್ಯ ಪ್ರತಿಫಲಕ್ಕಿಂತ ಹೆಚ್ಚಾದ ಲಾಭಾಂಶಕ್ಕೆ ಷೇರುದಾರರಿಂದಲೂ ತೆರಿಗೆ ಕೇಳತೊಡಗಿತು.

ಸಂಬಳದ ನೌಕರನಿಗೆ ಇಂಥ ಯಾವ ಬಾಗಿಲೂ ಇಲ್ಲ. ಅವನ ತೆರಿಗೆ ಸಂಬಳ ಕೈಸೇರುವ ಮೊದಲೇ ಕಡಿತವಾಗಿರುತ್ತದೆ. ಹಣ ಓಡಿಹೋಗದಿರಲೆಂದು ಕೊಟ್ಟ ರಿಯಾಯಿತಿಯನ್ನು ಬೆವರಿನ ಗಳಿಕೆಯೂ ವೇಷ ಬದಲಿಸಿ ಪಡೆಯದಂತೆ ಕಾಯುವುದೇ ಈ ಪದ್ಧತಿಯ ನಿಜವಾದ ಕಷ್ಟ.